ಮಳೆ ರಜೆ ಮಕ್ಕಳಿಗೆ ಮಾತ್ರ, ಆಯಿಗಿಲ್ಲ

ಇವತ್ತೂ ಅದೇ ಆಯ್ತು. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಮಳೆ ರಜೆಯ ಆದೇಶ. ಅಂಗನವಾಡಿಗೆ ರಜೆ, ಶಾಲೆಗೆ ರಜೆ, ಪಿಯು ಕಾಲೇಜಿಗೂ ರಜೆ. ನಾನು ಓದುವ ಬಿ.ಎಡ್ ಕಾಲೇಜಿನ ಸುದ್ದಿಯೇ ಇಲ್ಲ. ಅಷ್ಟರಲ್ಲಿ ನಮ್ಮ ಗ್ರೂಪಿಗೆ ಮೆಸೇಜ್ ಬಂತು: "ತರಗತಿಗಳು ಎಂದಿನಂತೆ ನಡೆಯುತ್ತವೆ. ಹಾಜರಾತಿ ಕಡ್ಡಾಯ."

ನನ್ನ ಮಕ್ಕಳನ್ನು ಎಲ್ಲಿ ಬಿಡಲಿ? ಮಗಳು ಎರಡನೇ ಕ್ಲಾಸು, ಮಗನಿಗೆ ನಾಲ್ಕು ವರ್ಷ. ಗಂಡ ಗೋವಾದಲ್ಲಿ ಕೆಲಸ. ಅತ್ತೆಗೆ ಮೊಣಕಾಲು ನೋವು, ಹಗಲಿಡೀ ಆ ಹುಡುಗನ ಹಿಂದೆ ಓಡಲಿಕ್ಕೆ ಅವರಿಂದ ಆಗುತ್ತದಾ? ಮನೆ ಹಿಂದಿನ ಹಳ್ಳ ಬೇರೆ ತುಂಬಿ ಹರಿಯುತ್ತಿದೆ.

ಕಾಲೇಜಿಗೆ ಹೋಗಬೇಕೆಂದರೆ ಅಂಕೋಲಾ ತಾಲ್ಲೂಕಿನ ಶಿರೂರು ದಾಟಬೇಕು. 2024ರ ಜುಲೈ 16ರಂದು ಗುಡ್ಡ ಕುಸಿದು ಜನ ಸತ್ತ ಜಾಗ ಅದು. ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಈಗಲೂ ಜೋರು ಮಳೆಯಲ್ಲಿ ಬಸ್ಸು ಅಲ್ಲಿಗೆ ಬಂದರೆ ಮಾತಾಡುತ್ತಿದ್ದವರೂ ಸುಮ್ಮನಾಗುತ್ತಾರೆ. ಪಿಯು ಹುಡುಗರು ಮನೆಯಲ್ಲೇ ಇರಬೇಕಾದಂಥ ಮಳೆ ನಮಗೆ ಮಾತ್ರ ಏನೂ ಮಾಡುವುದಿಲ್ವಾ?

ಹಾಜರಾತಿ ನಿಯಮ ನನಗೂ ಗೊತ್ತು. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮದಂತೆ ತರಗತಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90. ಅದನ್ನು ಇಳಿಸಿ ಅಂತ ಯಾರೂ ಕೇಳುತ್ತಿಲ್ಲ. ಮಳೆ ರಜೆ ದಿನ ನಮಗೂ ರಜೆ ಕೊಡಿ, ಆ ಪಾಠ ಶನಿವಾರ ಮಧ್ಯಾಹ್ನ ಮಾಡಿ, ಬರುತ್ತೇವೆ. ಇಷ್ಟೇ ಕೇಳಿದ್ದು. ಅದಕ್ಕೆ ಕಾಲೇಜಿನವರಿಂದ ಸಿಕ್ಕ ಉತ್ತರ: "ಮನೆ ತಾಪತ್ರಯ ಇರುವವರು ಬಿ.ಎಡ್‌ಗೆ ಯಾಕೆ ಸೇರಬೇಕು?"

ಮೈ ಉರಿದು ಹೋಯ್ತು. ಯಾಕೆ ಸೇರಬಾರದು ಸರ್? ಸಂಘದಲ್ಲಿ ಸಾಲ ತೆಗೆದು ಫೀ ಕಟ್ಟಿದ್ದೇನೆ. ಮಕ್ಕಳು ಮಲಗಿದ ಮೇಲೆ ಕೂತು ಪಾಠ ಯೋಜನೆ ಬರೆಯುತ್ತೇನೆ. ಮೊನ್ನೆ ಹೂವಿನ ಭಾಗಗಳ ಚಾರ್ಟ್ ಮಾಡಿ ಫ್ಯಾನಿನ ಕೆಳಗೆ ಒಣಗಲು ಇಟ್ಟಿದ್ದೆ. ಬೆಳಗಾಗುವುದರೊಳಗೆ ಥಂಡಿಗೆ ಅಂಚೆಲ್ಲ ಸುರುಳಿ ಸುತ್ತಿ, ಕೆಂಪು ಬಣ್ಣ ಹರಡಿ ಹೋಗಿತ್ತು. "ನೀಟಾಗಿಲ್ಲ" ಅಂತ ಮಾರ್ಕ್ಸ್ ಕತ್ತರಿಸಿದರು. ಆಷಾಢದಲ್ಲಿ ಕರಾವಳಿಯ ಮನೆಯೊಳಗೆ ಕಾಗದ ಹೇಗಿರುತ್ತದೆ ಅಂತ ಇವರಿಗೆ ಗೊತ್ತಿಲ್ವಾ? ಇವರೂ ಇಲ್ಲಿಯವರೇ.

50 ಅಥವಾ ಅದಕ್ಕಿಂತ ಹೆಚ್ಚು ನೌಕರರು ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಿದ್ದರು. ನಾವು ನೌಕರರಲ್ಲ, ವಿದ್ಯಾರ್ಥಿಗಳು. ಹಾಗಾಗಿ ಅದೂ ನಮಗಿಲ್ಲ. ಕಾಲೇಜಿನಲ್ಲಿ ಒಂದು ಕೋಣೆಯ ತುಂಬ ಮುರುಕು ಬೆಂಚು ಬಿದ್ದಿವೆ. ಅದನ್ನು ಖಾಲಿ ಮಾಡಿ ಒಂದು ಚಾಪೆ ಹಾಸಿಕೊಟ್ಟರೂ ಸಾಕಿತ್ತು. ಮಕ್ಕಳನ್ನು ಕರೆದುಕೊಂಡೇ ಹೋಗುತ್ತಿದ್ದೆವು, ಸರದಿ ಮೇಲೆ ನಾವೇ ನೋಡಿಕೊಳ್ಳುತ್ತಿದ್ದೆವು.

ಇವತ್ತು ನಾನು ಹೋಗಲಿಲ್ಲ. ಆಬ್ಸೆಂಟ್ ಹಾಕಿರುತ್ತಾರೆ, ಹಾಕಲಿ. ಬ್ಯಾಚಿನಲ್ಲಿ ಮಕ್ಕಳಿರುವವರೆಲ್ಲ ಸೇರಿ ನಾಳೆ ಅರ್ಜಿ ಕೊಡುತ್ತಿದ್ದೇವೆ. ಇಂಟರ್ನಲ್ ಮಾರ್ಕ್ಸ್ ಕೈಯಲ್ಲಿಟ್ಟುಕೊಂಡು ಹೆದರಿಸುತ್ತಾರೆ ಅಂತ ಕೆಲವರು ಹಿಂದೆಮುಂದೆ ನೋಡುತ್ತಿದ್ದಾರೆ. ಮೊದಲ ಸಹಿ ನನ್ನದೇ ಇರಲಿ ಅಂತ ಹೇಳಿದ್ದೇನೆ.