46 ವರ್ಷ ಹಾರಿದ ಐಎಲ್-38: ಹಳೇ ವಿಮಾನಕ್ಕೆ ಹೊಸ ಉಪಕರಣ ಹಾಕಿಸಿದ್ದು ಸರಿಯೇ?

ಭಾರತೀಯ ನೌಕಾಪಡೆಯ, ಸೋವಿಯತ್ ನಿರ್ಮಿತ ಐಎಲ್-38 ವಿಮಾನಗಳು 1977ರಿಂದ ಗೋವಾದ ದಾಬೋಲಿಮ್‌ನಲ್ಲಿರುವ ಐಎನ್‌ಎಸ್ ಹಂಸ ನೆಲೆಯಿಂದ ಹಾರುತ್ತಿದ್ದವು. ಸಬ್‌ಮರೀನ್ ಹುಡುಕುವುದು, ಕಡಲ ಗಸ್ತು ತಿರುಗುವುದು ಅವುಗಳ ಕೆಲಸ. 2023ರ ಅಕ್ಟೋಬರ್ 31ರಂದು ನಿವೃತ್ತಿಯಾದವು. ಇಷ್ಟು ದೀರ್ಘ ಆಯುಷ್ಯಕ್ಕೆ ಕಾರಣ 2001ರ ಒಂದು ಒಪ್ಪಂದ. ವಿಮಾನ ಬದಲಿಸುವ ಬದಲು, ಇದ್ದವನ್ನೇ ರಷ್ಯಾಕ್ಕೆ ಕಳಿಸಿ 'ಸೀ ಡ್ರ್ಯಾಗನ್' ಎಂಬ ಹೊಸ ಉಪಕರಣಗಳ ವ್ಯವಸ್ಥೆ ಹಾಕಿಸೋಣ ಅಂತ ಆಗ ತೀರ್ಮಾನವಾಯಿತು. ಅದು ಸರಿಯಿತ್ತೇ?

ಪರ: 2001ರಲ್ಲಿ ಬೇರೆ ದಾರಿ ಎಲ್ಲಿತ್ತು?

1971ರ ಡಿಸೆಂಬರ್ 9ರ ರಾತ್ರಿ, ದಿಯು ಕರಾವಳಿಯ ಆಚೆ, ಪಾಕಿಸ್ತಾನದ ಹ್ಯಾಂಗೋರ್ ಸಬ್‌ಮರೀನ್ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ದಿನಗಟ್ಟಲೆ ಹುಡುಕಿದರೂ ಹ್ಯಾಂಗೋರ್ ಸಿಗಲಿಲ್ಲ. ಆಗ ಸಬ್‌ಮರೀನ್ ಬೇಟೆಗೆ ನೌಕಾಪಡೆಯ ಹತ್ತಿರ ಇದ್ದ ವಿಮಾನ ಅಲಿಝೆ. ಒಂದೇ ಎಂಜಿನ್ನಿನ ಪುಟ್ಟ ಫ್ರೆಂಚ್ ವಿಮಾನ ಅದು. ದೂರದ ಗಸ್ತು ಇನ್ನೂ ವಾಯುಪಡೆಯ ಕೈಯಲ್ಲಿತ್ತು. 1976ರಲ್ಲಿ ಆ ಹೊಣೆ ನೌಕಾಪಡೆಗೆ ಬಂತು, ಮರುವರ್ಷ ಮೂರು ಐಎಲ್-38 ಬಂದವು, 1983ರಲ್ಲಿ ಇನ್ನೆರಡು. ಬಂದಾಗಲೇ ಅವು ಸೋವಿಯತ್ ನೌಕಾಪಡೆ ಬಳಸಿದ ವಿಮಾನಗಳು ಅನ್ನುವುದು ನಿಜ. ಆದರೂ ಖುಕ್ರಿಯ ನಂತರ ನಮಗೆ ಬೇಕಾಗಿದ್ದುದು ಇದೇ: ನೆಲದಿಂದ ಎದ್ದು, ದೂರ ಹೋಗಿ, ಗಂಟೆಗಟ್ಟಲೆ ನೀರಿನ ಮೇಲೆ ಸುತ್ತಬಲ್ಲ ವಿಮಾನ.

ಈ ಬೇಟೆ ನಡೆಯುವ ರೀತಿ ನೋಡಿ. ಅನುಮಾನ ಬಂದ ಕಡೆ ವಿಮಾನದಿಂದ ಸೊನೊಬಾಯ್‌ಗಳನ್ನು ಸಾಲಾಗಿ ಉದುರಿಸುತ್ತಾರೆ. ಒಂದೊಂದೂ ನೀರಲ್ಲಿ ತೇಲುತ್ತಾ, ಒಂದು ಮೈಕನ್ನು ಆಳಕ್ಕೆ ಇಳಿಬಿಟ್ಟು, ಕೇಳಿದ ಸದ್ದನ್ನು ರೇಡಿಯೋದಲ್ಲಿ ಮೇಲಕ್ಕೆ ಕಳಿಸುತ್ತದೆ. ಒಳಗೆ ಕೂತವರು ಆ ಸದ್ದುಗಳಲ್ಲಿ ಮೀನು ಯಾವುದು, ಸರಕು ಹಡಗು ಯಾವುದು, ಸಬ್‌ಮರೀನ್ ಯಾವುದು ಅಂತ ಬಿಡಿಸಬೇಕು. ನೀರಿನಿಂದ ಇಣುಕುವ ಪೆರಿಸ್ಕೋಪನ್ನು ರೇಡಾರ್ ಹುಡುಕುತ್ತದೆ. ಬಾಲದಿಂದ ಚಾಚಿದ ಕಡ್ಡಿಯಂಥ ಉಪಕರಣ, ಕೆಳಗಿರುವ ಉಕ್ಕಿನ ರಾಶಿಯಿಂದ ಭೂಮಿಯ ಕಾಂತಕ್ಷೇತ್ರದಲ್ಲಿ ಆಗುವ ಸಣ್ಣ ಏರುಪೇರನ್ನು ಹಿಡಿಯುತ್ತದೆ. ಇದರಲ್ಲಿ ವಿಮಾನದ ವಯಸ್ಸಿಗೆ ಏನು ಕೆಲಸ? ಬೇಗ ಹಳತಾಗುವುದು ರೇಡಾರ್ ಮತ್ತು ಕಂಪ್ಯೂಟರು. ಸೀ ಡ್ರ್ಯಾಗನ್ ಬದಲಿಸಿದ್ದು ಅವನ್ನೇ.

ಜಗತ್ತೆಲ್ಲ ಮಾಡಿದ್ದೂ ಇದೇ. ಎಲೆಕ್ಟ್ರಾ ಎಂಬ ಪ್ರಯಾಣಿಕರ ವಿಮಾನದಿಂದ ಹುಟ್ಟಿದ ಅಮೆರಿಕದ ಪಿ-3 ಓರಿಯನ್ 1962ರಲ್ಲಿ ಸೇವೆಗೆ ಬಂತು. ನ್ಯೂಜಿಲೆಂಡ್ 1966ರಲ್ಲಿ ಓರಿಯನ್ ಹಾರಿಸಲು ಶುರು ಮಾಡಿ 2023ರವರೆಗೂ ಹಾರಿಸಿತು. ನಡುವೆ ಮತ್ತೆ ಮತ್ತೆ ಉಪಕರಣ ಬದಲಿಸಿಕೊಂಡಿತು, ಅಷ್ಟೇ.

ಇನ್ನು 2001ರಲ್ಲಿ ಬೇರೆ ಏನನ್ನು ಕೊಳ್ಳಬೇಕಿತ್ತು? ಈಗ ಎಲ್ಲರೂ ಹೊಗಳುವ ಬೋಯಿಂಗ್ ಪಿ-8 ಮೊದಲ ಸಲ ಹಾರಿದ್ದೇ 2009ರಲ್ಲಿ. ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ಹೇರಿದ್ದ ನಿರ್ಬಂಧ ತೆಗೆದಿದ್ದು 2001ರ ಸೆಪ್ಟೆಂಬರ್‌ನಲ್ಲಿ. ಅಂಗಡಿಯೇ ಮುಚ್ಚಿದ್ದಾಗ ಹೊಸ ಸಾಮಾನು ಯಾಕೆ ತರಲಿಲ್ಲ ಅಂತ ಕೇಳಿದರೆ ಹೇಗೆ?

2002ರ ಅಕ್ಟೋಬರ್ 1ರ ಗೋವಾ ದುರಂತವನ್ನೂ ಸುಮ್ನೆ ಇದರ ತಲೆಗೆ ಕಟ್ಟುತ್ತಾರೆ. ಸ್ಕ್ವಾಡ್ರನ್ನಿನ ಬೆಳ್ಳಿಹಬ್ಬಕ್ಕಾಗಿ ಜೊತೆಯಾಗಿ ಹಾರುತ್ತಿದ್ದ ಎರಡು ಐಎಲ್-38 ಆಕಾಶದಲ್ಲೇ ಡಿಕ್ಕಿಯಾದವು. ಒಳಗಿದ್ದ 12 ಮಂದಿಯೂ ಸತ್ತರು, ನೆಲದ ಮೇಲಿದ್ದವರೂ ಸತ್ತರು. ಒತ್ತೊತ್ತಾಗಿ ಹಾರುವಾಗ ಎಷ್ಟು ಹೊಸ ವಿಮಾನಕ್ಕೂ ಆ ಅಪಾಯ ಇದ್ದೇ ಇದೆ.

ವಿರೋಧ: ಐದು ವಿಮಾನದ ಲೆಕ್ಕ

ಡಿಕ್ಕಿಗೆ ವಯಸ್ಸು ಕಾರಣವಲ್ಲ, ಒಪ್ಪಿದೆ. ಆದರೆ ಅದರ ನಂತರದ ಲೆಕ್ಕ ಹಾಕಿ. ಇದ್ದದ್ದು ಐದು, ಉಳಿದದ್ದು ಮೂರು. ಆ ಮೂರನ್ನೂ ಉಪಕರಣ ಹಾಕಿಸಲು ರಷ್ಯಾಕ್ಕೆ ಕಳಿಸಬೇಕು. ಮೊದಲನೆಯದು ವಾಪಸ್ ಬಂದಿದ್ದು 2006ರಲ್ಲಿ. ಬಂದ ಮೇಲೂ ಉಪಕರಣ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ನೌಕಾಪಡೆ ತಕರಾರು ತೆಗೆದದ್ದು ವರದಿಯಾಗಿತ್ತು. ನಷ್ಟವಾದ ಎರಡರ ಜಾಗ ತುಂಬಲು ರಷ್ಯಾದಿಂದ ಬಂದವೂ ಹಳೆಯವೇ. ಐಎಲ್-38ರ ತಯಾರಿಕೆ ನಿಂತಿದ್ದೇ 1972ರಲ್ಲಿ, ಹೊಸದು ಎಲ್ಲಿಂದ ಬರಬೇಕು? ರಷ್ಯಾ ಬಿಟ್ಟರೆ ಇದನ್ನು ಹಾರಿಸುತ್ತಿದ್ದವರು ನಾವು ಮಾತ್ರ. ಬಿಡಿಭಾಗಕ್ಕೆ ಒಂದೇ ಬಾಗಿಲು.

'ಬೇಟೆಯಾಡುವುದು ಉಪಕರಣ' ಎಂಬ ವಾದಕ್ಕೆ ಬ್ರಿಟನ್ ಬಹಳ ಬೆಲೆ ತೆತ್ತಿದೆ. ಅವರ ನಿಮ್ರಾಡ್ ವಿಮಾನ ಕಾಮೆಟ್ ಎಂಬ ಪ್ರಯಾಣಿಕರ ಜೆಟ್‌ನಿಂದ ಬಂದದ್ದು. ಅದಕ್ಕೂ ಕಾಲಕಾಲಕ್ಕೆ ಹೊಸ ಉಪಕರಣ ಹಾಕುತ್ತಾ ಬಂದರು. 2006ರ ಸೆಪ್ಟೆಂಬರ್ 2ರಂದು, ಅಫ್ಘಾನಿಸ್ತಾನದ ಮೇಲೆ, ಆಕಾಶದಲ್ಲೇ ಇಂಧನ ತುಂಬಿಸಿಕೊಂಡ ಸ್ವಲ್ಪ ಹೊತ್ತಿಗೆ ಒಂದು ನಿಮ್ರಾಡ್‌ಗೆ ಬೆಂಕಿ ಹತ್ತಿತು. 14 ಮಂದಿಯೂ ಸತ್ತರು. ಸೋರಿದ ಇಂಧನ ಬಿಸಿ ಗಾಳಿಯ ಕೊಳವೆಗೆ ತಾಗಿತ್ತು. ದಶಕಗಳಿಂದ ಅಲ್ಲೇ ಇದ್ದ ಅಪಾಯ. ಸುರಕ್ಷತೆಯ ಪರಿಶೀಲನೆ ಕಾಗದದ ಕೆಲಸವಾಗಿತ್ತು ಅಂತ 2009ರ ಹ್ಯಾಡನ್-ಕೇವ್ ತನಿಖಾ ವರದಿ ಖಾರವಾಗಿಯೇ ಹೇಳಿತು.

ಹಳೇ ನಿಮ್ರಾಡ್‌ಗಳ ದೇಹಕ್ಕೆ ಹೊಸ ರೆಕ್ಕೆ, ಹೊಸ ಎಂಜಿನ್ ಜೋಡಿಸುವ ಎಂಆರ್‌ಎ4 ಯೋಜನೆಯ ಕಥೆ ಇನ್ನೂ ಪಾಠದಂತಿದೆ. 1960ರ ದಶಕದಲ್ಲಿ ಕೈಯಿಂದ ಕಟ್ಟಿದ್ದ ಆ ದೇಹಗಳು ಒಂದರಂತೆ ಇನ್ನೊಂದು ಇರಲಿಲ್ಲ. ಕಂಪ್ಯೂಟರ್ ಅಳತೆಯಲ್ಲಿ ತಯಾರಾದ ರೆಕ್ಕೆ ಕೂರಲೊಲ್ಲದು. 21 ವಿಮಾನಗಳ ಯೋಜನೆ 9ಕ್ಕೆ ಇಳಿಯಿತು. 300 ಕೋಟಿ ಪೌಂಡ್‌ಗಿಂತ ಜಾಸ್ತಿ ಖರ್ಚಾದ ಮೇಲೆ 2010ರಲ್ಲಿ ರದ್ದಾಯಿತು. ವಿಮಾನಗಳನ್ನು ಕತ್ತರಿಸಿ ಗುಜರಿಗೆ ಹಾಕಿದರು. 2020ರಲ್ಲಿ ಪಿ-8 ಬರುವವರೆಗೆ, ಸುತ್ತಲೂ ಸಮುದ್ರವಿರುವ ಆ ದೇಶಕ್ಕೆ ತನ್ನದೇ ಗಸ್ತು ವಿಮಾನವೇ ಇರಲಿಲ್ಲ. ರಷ್ಯಾದ ಸಬ್‌ಮರೀನ್ ಅನುಮಾನ ಬಂದಾಗ ಮಿತ್ರದೇಶಗಳ ವಿಮಾನ ಕರೆಸಬೇಕಾಯಿತು.

ನಮ್ಮ ಐಎಲ್-38ಕ್ಕೆ ಅಂಥದ್ದೇನೂ ಆಗಲಿಲ್ಲ ಅಲ್ವಾ ಎನ್ನಬಹುದು. ಅದರ ಶ್ರೇಯಸ್ಸು ನಿರ್ವಹಣೆ ಮಾಡಿದ ತಂತ್ರಜ್ಞರಿಗೆ ಸಲ್ಲಬೇಕು. ಉಪ್ಪುಗಾಳಿಯಲ್ಲಿ, ಅಲೆಗಳ ಮೇಲೆ ತಗ್ಗಿನಲ್ಲಿ ಹಾರುವ ವಿಮಾನದ ಲೋಹ ಹೇಗೆ ಸವೆಯುತ್ತದೆ ಎಂಬುದು ಅವರಿಗೆ ಗೊತ್ತು. (ಗಣರಾಜ್ಯೋತ್ಸವದಲ್ಲಿ ಐಎಲ್-38 ಮೊದಲ ಸಲ ಹಾರಿದ್ದು 2023ರಲ್ಲಿ, ನಿವೃತ್ತಿಯ ವರ್ಷ. ಅಷ್ಟು ವರ್ಷ ಯಾರಿಗೂ ನೆನಪಾಗಲಿಲ್ಲ!)

ಐಎಲ್-38ಕ್ಕಿಂತ ದೊಡ್ಡ ಗಸ್ತು ವಿಮಾನವಾದ ಟುಪೊಲೆವ್-142 ವಿಷಯದಲ್ಲಿ ನೌಕಾಪಡೆ ಬೇರೆ ದಾರಿ ಹಿಡಿಯಿತು. ಅದಕ್ಕೆ ಸೀ ಡ್ರ್ಯಾಗನ್ ಹಾಕಿಸಲಿಲ್ಲ. 2009ರಲ್ಲಿ ಎಂಟು ಪಿ-8ಐ (ಪಿ-8ರ ಭಾರತೀಯ ಮಾದರಿ) ವಿಮಾನಗಳಿಗೆ ಒಪ್ಪಂದವಾಯಿತು, 2013ರಿಂದ ಅವು ತಮಿಳುನಾಡಿನ ಅರಕ್ಕೋಣಂ ನೆಲೆಗೆ ಬರತೊಡಗಿದವು. ಬೆಂಗಳೂರಿನ ಬಿಇಎಲ್ ತಯಾರಿಸಿದ, ಮಾಹಿತಿ ಹಂಚಿಕೊಳ್ಳುವ ಡೇಟಾ ಲಿಂಕ್ ಕೂಡ ಅವುಗಳಲ್ಲಿದೆ. ಟುಪೊಲೆವ್ 2017ರಲ್ಲಿ ನಿವೃತ್ತಿಯಾಯಿತು. ಒಂದನ್ನು ಈಗ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದರೆ ನೋಡಬಹುದು. ಬದಲಿ ಬಂದ ಮೇಲೆ ಹಳತು ಹೋಯಿತು, ಸರಿಯಾದ ಕ್ರಮ.

ಐಎಲ್-38ಕ್ಕೆ ಆ ಕ್ರಮ ತಪ್ಪಿತು. 2001ರಲ್ಲಿ ಅಂಗಡಿ ಮುಚ್ಚಿತ್ತು ಎಂದೇ ಇಟ್ಟುಕೊಳ್ಳೋಣ. 2009ರಲ್ಲಿ ತೆರೆದಿತ್ತಲ್ಲ? ಸೀ ಡ್ರ್ಯಾಗನ್ ಹಾರುತ್ತಿದೆ ಎಂಬ ನೆಮ್ಮದಿಯಲ್ಲಿ ಅದರ ಬದಲಿಯ ಕಡತ ಹಿಂದೆ ಬಿತ್ತು. ಪಿ-8ಐ ಸಂಖ್ಯೆ ಹನ್ನೆರಡಕ್ಕೆ ನಿಂತಿದೆ. ಮಧ್ಯಮ ದೂರದ ಕಡಲ ಗಸ್ತು ವಿಮಾನಗಳ ಖರೀದಿಗೆ ರಕ್ಷಣಾ ಖರೀದಿ ಮಂಡಳಿ ಮೊದಲ ಹಂತದ ಒಪ್ಪಿಗೆ ಕೊಟ್ಟಿದ್ದು 2024ರ ಫೆಬ್ರವರಿಯಲ್ಲಿ. ಐಎಲ್-38 ಹೋಗಿ ಆಗಲೇ ಮೂರು ತಿಂಗಳು ದಾಟಿತ್ತು. ಒಪ್ಪಂದವಾದ ಮೇಲೂ ಪಿ-8ಐ ಬರಲು ನಾಲ್ಕು ವರ್ಷ ಹಿಡಿದಿತ್ತು. ಹೊಸ ವಿಮಾನ ಬರುವವರೆಗೆ ಐಎಲ್-38 ಮಾಡುತ್ತಿದ್ದ ಗಸ್ತೂ ಆ ಹನ್ನೆರಡರ ಮೇಲೆಯೇ.