ಸತ್ಯಾಂಶ: ಜುಲೈ ತಿಂಗಳ ಥಂಡಿಗೆ ಸೂರ್ಯನ ದೂರ ಕಾರಣವಲ್ಲ

‘ಭೂಮಿಗೂ ಸೂರ್ಯನಿಗೂ ಇರುವ 9 ಕೋಟಿ ಕಿ.ಮೀ. ಅಂತರ 15.2 ಕೋಟಿಗೆ ಏರಲಿದೆ, ಆಗಸ್ಟ್‌ವರೆಗೆ ಹಿಂದೆಂದೂ ಕಾಣದ ಚಳಿ, ನೆಗಡಿ, ಕೆಮ್ಮು ಕಾಡಲಿವೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಮತ್ತೆ ಮತ್ತೆ ಹರಿದಾಡುತ್ತದೆ. ಇದರಲ್ಲಿ 15.2 ಕೋಟಿ ಎಂಬುದು ಸರಿ, 9 ಕೋಟಿ ಎಂಬುದು ತಪ್ಪು. ಸರಾಸರಿ ದೂರವೇ ಸುಮಾರು 15 ಕೋಟಿ ಕಿ.ಮೀ.; ಮೈಲಿಯಲ್ಲಿ ಅದು 9.3 ಕೋಟಿಯಾಗುವುದರಿಂದ, ಯಾರೋ ಮೈಲಿಯನ್ನೇ ಕಿಲೋಮೀಟರ್ ಎಂದು ಬರೆದಿರಬೇಕು.

ಭೂಮಿ ಸೂರ್ಯನನ್ನು ಸುತ್ತುವ ಕಕ್ಷೆ ತುಸು ಅಂಡಾಕಾರದ್ದಾದರೂ ಬಹುತೇಕ ವೃತ್ತವೇ. ಅದನ್ನು ಕಾಗದದ ಮೇಲೆ 30 ಸೆಂ.ಮೀ. ಉದ್ದಕ್ಕೆ ಅಳತೆಗೆ ಸರಿಯಾಗಿ ಬರೆದರೆ, ಅದರ ಅಗಲ ಉದ್ದಕ್ಕಿಂತ ಕಡಿಮೆಯಾಗುವುದು ಕೇವಲ 0.04 ಮಿ.ಮೀ.; ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ. ಸೂರ್ಯ ಮಾತ್ರ ನಡುವಿನಿಂದ ಎರಡೂವರೆ ಮಿ.ಮೀ. ಪಕ್ಕಕ್ಕಿರುತ್ತಾನೆ. ಜನವರಿ ಮೊದಲ ವಾರದಲ್ಲಿ 14.7 ಕೋಟಿ ಕಿ.ಮೀ., ಜುಲೈ ಮೊದಲ ವಾರದಲ್ಲಿ 15.2 ಕೋಟಿ ಕಿ.ಮೀ. ದೂರ ಬರುವುದು ಇದರಿಂದಲೇ, ಅದೂ ಪ್ರತಿ ವರ್ಷ.

ಈ ಅಂತರದಿಂದ ಜುಲೈನಲ್ಲಿ ಭೂಮಿಗೆ ತಲುಪುವ ಬಿಸಿಲು ಜನವರಿಗಿಂತ ಸುಮಾರು ಶೇ 7ರಷ್ಟು ಕಡಿಮೆಯಾಗುವುದು ನಿಜ. ಆದರೆ ಋತುಗಳನ್ನು ನಿರ್ಧರಿಸುವುದು ಭೂಮಿಯ ಅಕ್ಷದ 23.5 ಡಿಗ್ರಿ ಓರೆ. ಅದರಿಂದಾಗಿ ಜುಲೈನಲ್ಲಿ ಉತ್ತರಾರ್ಧಗೋಳಕ್ಕೆ ಬಿಸಿಲು ಹೆಚ್ಚು ನೇರವಾಗಿ, ಹೆಚ್ಚು ಹೊತ್ತು ಬೀಳುತ್ತದೆ. ನಮ್ಮ ಜುಲೈ ತಂಪಿಗೆ ಕಾರಣ ಮುಂಗಾರಿನ ಮೋಡ ಮತ್ತು ಮಳೆ. ದೂರವೇ ಚಳಿ ತರುವುದಾದರೆ, ಸೂರ್ಯ ಅತಿ ಹತ್ತಿರವಿರುವ ಜನವರಿಯಲ್ಲಿ ಬೀದರ್‌ನವರು ಬೆಳಗ್ಗೆ ಶಾಲು ಹೊದೆಯಬೇಕಾಗಿರಲಿಲ್ಲ.