ಹತ್ತು ವರ್ಷದ ಹುಡುಗನಿಗೆ ಯಾವ ಪುಸ್ತಕ?

“ಮಗನಿಗೆ ಹತ್ತು ವರ್ಷ ಸಾರ್, ಒಂದೊಳ್ಳೆ ಸಾಹಸದ ಕಾದಂಬರಿ ಹೇಳಿ, ಮೊಬೈಲ್ ಬಿಟ್ಟರೆ ಸಾಕು” ಅಂತ ಕೇಳುವವರು ಈಗ ಜಾಸ್ತಿ. ಕಷಾಯ ಕೇಳಿದ ಹಾಗೆ ಕೇಳುತ್ತಾರೆ, ಯಾವ ವಯಸ್ಸಿಗೆ ಎಷ್ಟು ಚಮಚ ಅಂತ. ಪುಸ್ತಕದ ಹಿಂದೆ ‘8ರಿಂದ 12’ ಅಂತ ಅಚ್ಚಾಗಿದ್ದರೆ ಅವರಿಗೆ ಸಮಾಧಾನ.

ಈ ವಯಸ್ಸಿನ ಲೆಕ್ಕ ಕಂಡಾಗ ನನಗೆ ರೇನರ್ ಅನ್ವಿನ್ ನೆನಪಾಗುತ್ತಾನೆ. ಅವನಪ್ಪ ಸ್ಟ್ಯಾನ್ಲಿ ಅನ್ವಿನ್ ಲಂಡನ್ನಿನ ಪ್ರಕಾಶಕರು. ಮಕ್ಕಳ ಪುಸ್ತಕ ಹೇಗಿದೆ ಅಂತ ಮಕ್ಕಳೇ ಹೇಳಬೇಕು ಅನ್ನುವುದು ಅವರ ನಂಬಿಕೆ. 1936ರಲ್ಲಿ ಟೋಲ್ಕಿನ್ ಅವರ ಸಾಹಸದ ಕತೆ ‘ದಿ ಹಾಬಿಟ್’ನ ಹಸ್ತಪ್ರತಿ ಬಂದಾಗ ಹತ್ತು ವರ್ಷದ ಮಗನ ಕೈಗೇ ಕೊಟ್ಟರು. ಓದಿ ಅಭಿಪ್ರಾಯ ಬರೆದುಕೊಟ್ಟರೆ ಒಂದು ಶಿಲಿಂಗ್ ಕೂಲಿ. ಹುಡುಗ ಓದಿದ, ಚೆನ್ನಾಗಿದೆ ಅಂದ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತೆ ಅಂತ ಬರೆದ. ಇವನಿಗೆ ಹತ್ತು, ನೋಡಿ! ತಾನು ಕೂತು ಪೂರ್ತಿ ಓದಿದ್ದು ಮಾತ್ರ ಚಿಕ್ಕವರ ಪುಸ್ತಕ. ಹತ್ತು ವರ್ಷದವರೆಲ್ಲ ಹೀಗೇ ಅಲ್ವಾ? ‘ನಿನ್ನ ವಯಸ್ಸಿಗೆ ಸರಿಯಾಗಿದೆ’ ಅಂದರೆ ಮುಟ್ಟುವುದಿಲ್ಲ, ‘ಇದು ನಿನಗೀಗ ಬೇಡ, ದೊಡ್ಡವನಾದ ಮೇಲೆ’ ಅಂತ ಅಟ್ಟದ ಮೇಲಿಟ್ಟರೆ ಸ್ಟೂಲ್ ಹಾಕಿಕೊಂಡು ಹತ್ತುತ್ತಾರೆ.

ಸ್ಟೀವನ್‌ಸನ್ನರ ‘ಟ್ರೆಷರ್ ಐಲೆಂಡ್’ ಹುಟ್ಟಿದ್ದೂ ವಯಸ್ಸು ನೋಡಿ ಅಲ್ಲ. 1881ರಲ್ಲಿ ಸ್ಕಾಟ್‌ಲೆಂಡಿನ ಬ್ರೇಮಾರ್‌ನಲ್ಲಿ ಮಳೆಯೋ ಮಳೆ. ಮನೆಯಲ್ಲಿ ಶಾಲೆಗೆ ಹೋಗುವ ಮಲಮಗ. ಹೊರಗೆ ಹೋಗುವ ಹಾಗಿಲ್ಲ, ಸುಮ್ನೆ ಕೂತು ಒಂದು ದ್ವೀಪದ ನಕ್ಷೆ ಬಿಡಿಸಿದರು, ಆ ನಕ್ಷೆಯಿಂದಲೇ ಕತೆ ಹೊರಟಿತು. ಬರೆದದ್ದನ್ನು ಮನೆಮಂದಿಗೆ ಓದಿ ಹೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ಸ್ಟೀವನ್‌ಸನ್ನರ ಅಪ್ಪನಿಗೇ ಹುಚ್ಚು ಹಿಡಿಯಿತು. ದೀಪಸ್ತಂಭ ಕಟ್ಟಿಸುವ ದೊಡ್ಡ ಎಂಜಿನಿಯರ್, ಆ ಯಜಮಾನರು ಕತೆಯೊಳಗಿನ ಕಡಲ್ಗಳ್ಳ ಬಿಲ್ಲಿ ಬೋನ್ಸನ ಪೆಟ್ಟಿಗೆಯಲ್ಲಿ ಏನೇನಿತ್ತು ಅಂತ ತಾವೇ ಪಟ್ಟಿ ಮಾಡಿಕೊಟ್ಟರು.

ಹಾಗಾಗಿ ಯಾರಾದರೂ ಕೇಳಿದರೆ ನಾನು ಮಗುವಿನ ವಯಸ್ಸಿಗಿಂತ ಒಂದು ಗಾತ್ರ ದೊಡ್ಡದನ್ನೇ ಹೇಳುತ್ತೇನೆ. ಮಾಂತ್ರಿಕರ ಕತೆ ಇಷ್ಟ, ಇಂಗ್ಲಿಷ್ ಸಲೀಸು ಅಂದರೆ 1968ರಲ್ಲಿ ಬಂದ ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’. ಅದರಲ್ಲಿ ಹುಡುಗ ಜಂಬಕ್ಕೆ ಮಂತ್ರ ಹಾಕಿ ಎಬ್ಬಿಸಿದ ನೆರಳೇ ಅವನನ್ನು ಊರೂರು ಅಟ್ಟಿಸಿಕೊಂಡು ಬರುತ್ತೆ. ರಾತ್ರಿ ಓದಿದರೆ ದೊಡ್ಡವರಿಗೂ ಸ್ವಲ್ಪ ಭಯವೇ.

ಕನ್ನಡದಲ್ಲಿ ಕೇಳಿದರೆ ಮರುಮಾತಿಲ್ಲ, ತೇಜಸ್ವಿಯವರ ‘ಕರ್ವಾಲೊ’. 1980ರ ಕಾದಂಬರಿ, ಮಕ್ಕಳಿಗೆ ಅಂತ ಬರೆದದ್ದಲ್ಲ. ಆದರೆ ಹಾರುವ ಓತಿ ಹುಡುಕಿಕೊಂಡು ಮಲೆನಾಡಿನ ಕಾಡಿಗೆ ನುಗ್ಗುವ ಆ ತಂಡ ನೋಡಿ. ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಜೊತೆಗೆ ಕಿವಿ ಅನ್ನುವ ನಾಯಿ. ಯಾವ ಹುಡುಗ ತಾನೂ ಬರ್ತೀನಿ ಅನ್ನಲ್ಲ? “ಅದರಲ್ಲಿ ಕಳ್ಳಭಟ್ಟಿ ಕೇಸೆಲ್ಲ ಬರುತ್ತಲ್ವಾ ಸಾರ್?” ಅಂತ ತಾಯಂದಿರು ಹಿಂಜರಿಯುತ್ತಾರೆ. ಬರುತ್ತೆ ತಾಯಿ. ಮಂದಣ್ಣ ಆ ಕೇಸಿನಿಂದ ಹೇಗೆ ಪಾರಾದ ಅಂತ ತಿಳಿದುಕೊಳ್ಳೋಕಾದರೂ ಮುಂದಿನ ಪುಟ ತಿರುಗಿಸಲಿ ಬಿಡಿ. ಓದಿ ಮುಗಿಸಿದ ಮೇಲೆ ‘ಏನು ಕಲಿತೆ’ ಅಂತ ಮಾತ್ರ ದಯವಿಟ್ಟು ಕೇಳಬೇಡಿ.